ಕನಕಮ್ಮನವರು ‘ಗೊತ್ತಿಲ್ಲ’ ಎಂದ ಬೇಸಿಗೆ

ಹೋದ ತಿಂಗಳು ಶಿವಾಜಿನಗರಕ್ಕೆ ಹಾಸಿಗೆ ಕೊಳ್ಳಲು ಹೋಗಿದ್ದೆ. ಬೆನ್ನುನೋವಿಗೆ ಹತ್ತಿ ಹಾಸಿಗೆಯೇ ಒಳ್ಳೆಯದು ಎಂದು ಡಾಕ್ಟರು ಹೇಳಿದ್ದರು. ಅಂಗಡಿಯವನು ಗೋಡೆಗೆ ಒರಗಿಸಿದ್ದ ಹಾಸಿಗೆಗಳಲ್ಲಿ ಒಂದನ್ನು ಎಳೆದು, ಅದರ ಗಟ್ಟಿತನ ತೋರಿಸಲೆಂದು ನನ್ನ ಮೂಗಿನ ಮುಂದೆಯೇ ಬಡಿದ. ಧೂಳೆದ್ದಿತು. ಹೊಸ ಹತ್ತಿಯ ಬೆಚ್ಚನೆಯ ವಾಸನೆ ಬಂತು. ನಾನು ಒಂದರ ಹಿಂದೊಂದು ಸೀನಿದೆ, ಸೀನು ಮುಗಿದ ಮೇಲೆ ನಗಲು ಶುರುಮಾಡಿದೆ. ‘ಯಾಕೆ ಮೇಡಂ, ಹಾಸಿಗೆ ಬೇಡ್ವಾ?’ ಎಂದು ಅವನು ಕೇಳಿದ. ಬೇಕು ಎಂದೆ. ಆದರೆ ನನ್ನ ತಲೆ ಆಗಲೇ ಹಲಸೂರಿನ ಒಂದು ಮಹಡಿಯ ಮೇಲೆ, ಗೋಡೆಗೆಲ್ಲ ಹಾಸಿಗೆ ನೇತುಹಾಕಿದ್ದ ಒಂದು ಶೀಟಿನ ಕೋಣೆಗೆ ಹೋಗಿಬಿಟ್ಟಿತ್ತು. ಆ ಕೋಣೆಯಲ್ಲಿ ನಾನು ಒಂದಿಡೀ ಬೇಸಿಗೆ ಸೀನಿದ್ದೇನೆ.

ಆಗ ನಾನು ಗದಗಿನಿಂದ ಬಂದು ಬೈಯಪ್ಪನಹಳ್ಳಿಯಲ್ಲಿ ಬಾಡಿಗೆ ಕೋಣೆ ಹಿಡಿದು ಕೆಲಸ ಹುಡುಕುತ್ತಿದ್ದೆ. ಟೀವಿಯಲ್ಲಿ ಬರುತ್ತಿದ್ದ ಒಂದು ಕನ್ನಡ ಕ್ವಿಜ್ ಕಾರ್ಯಕ್ರಮವನ್ನು ಕಂಪ್ಯೂಟರ್ ಆಟವಾಗಿ ಮಾಡುತ್ತಿದ್ದ ಸಣ್ಣ ಕಂಪನಿಯೊಂದಕ್ಕೆ ಪ್ರಶ್ನೆ ಬರೆಯುವವರು ಬೇಕಾಗಿದ್ದರು. ವಿಳಾಸ ಹಿಡಿದು ಹಲಸೂರಿನ ಮೆಟ್ರೋದಲ್ಲಿ ಇಳಿದೆ. ಸಂದಿಗೊಂದಿ ತಿರುಗಿ ಸಾಕಾಗಿ, ಒಂದು ಮನೆಯ ಮೆಟ್ಟಿಲ ಮೇಲೆ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದ ಹಿರಿಯ ಹೆಂಗಸನ್ನು ವಿಳಾಸ ಕೇಳಿದೆ.

‘ನೇರ ಹೋಗು ಕಣ್ಣು. ಕೆರೆ ಸಿಗುತ್ತೆ. ಎಡಕ್ಕೆ ತಿರುಗಿದ್ರೆ ಬೇಕರಿ. ಅದರ ಎದುರಿಗೇನೇ,’ ಎಂದರು ಅವರು. ಒಂದು ಕ್ಷಣವೂ ಯೋಚಿಸಲಿಲ್ಲ.

ಕೆರೆ ಸಿಕ್ಕಿತು. ಬೇಕರಿಯೂ ಸಿಕ್ಕಿತು. ಬೇಕರಿಯ ಎದುರು ಒಬ್ಬ ಟೈಲರ್ ಇದ್ದ. ಅವನು ನನ್ನನ್ನು ಅಷ್ಟೇ ಧೈರ್ಯದಿಂದ ದೇವಸ್ಥಾನದ ಬೀದಿಗೆ ಕಳಿಸಿದ. ಅಲ್ಲಿ ಹೂ ಕಟ್ಟುತ್ತಿದ್ದಾಕೆ ಮತ್ತೆ ಮೊದಲಿನ ಬೀದಿಗೇ ಕಳಿಸಿದಳು. ಕೊನೆಗೆ ಕಂಪನಿಗೆ ಫೋನ್ ಮಾಡಿದೆ. ‘ಮೇಲೆ ನೋಡಿ’ ಎಂದ ಫೋನೆತ್ತಿದವನು. ಹುರುಳಿಕಾಯಿ ಹೆಂಗಸಿನ ತಲೆಯ ಮೇಲೆ, ಅದೇ ಮನೆಯ ಮಹಡಿಯಿಂದ ಒಬ್ಬ ಹುಡುಗ ಕೈ ಬೀಸುತ್ತಿದ್ದ.

ನನಗೆ ಸಿಟ್ಟು ಬಂತು. ‘ನಿಮ್ಮ ಮನೆ ಮ್ಯಾಲೇ ಐತಲ್ರೀ’ ಎಂದೆ. ಸಿಟ್ಟು ಬಂದಾಗ ಗದಗು ತಾನಾಗಿಯೇ ಬಾಯಿಗೆ ಬರುತ್ತದೆ.

‘ಮೇಲೆ ಹುಡುಗ್ರು ಇದಾರಲ್ಲ, ಅವರು ಅಂತ ಕೇಳಿದ್ರೆ ತಾನೇ ತಿಳಿಯೋದು? ಇಂಗ್ಲಿಷಲ್ಲಿ ಏನೋ ಹೆಸರು ಹೇಳಿದ್ರೆ?’

‘ಹಂಗಾರ ಗೊತ್ತಿಲ್ಲ ಅನ್ನಬೇಕಿತ್ರೀ.’

ಅವರು ನಾರು ತೆಗೆಯುವುದನ್ನು ನಿಲ್ಲಿಸಿ ನನ್ನನ್ನು ಮರುಕದಿಂದ ನೋಡಿದರು. ‘ಬಿಸಿಲಲ್ಲಿ ಬಂದು ಬಾಯಿ ಬಿಟ್ಟು ಕೇಳ್ತಿದೀಯ. ಗೊತ್ತಿಲ್ಲ ಅಂತ ಬರಿಗೈಲಿ ಕಳಿಸೋಕಾಗುತ್ತೇನ್ಮಾ?’

ಇವರೇ ಕನಕಮ್ಮನವರು, ಆ ಮನೆಯ ಯಜಮಾನಿ. ನಮ್ಮ ಕಡೆ ವಿಳಾಸ ಕೇಳಿದರೆ, ಗೊತ್ತಿದ್ದವರು ಜೊತೆಗೇ ನಡೆದು ಬಂದು ತೋರಿಸುತ್ತಾರೆ, ಗೊತ್ತಿಲ್ಲದವರು ‘ಮುಂದ ಕೇಳ್ರಿ’ ಎನ್ನುತ್ತಾರೆ. ಹಲಸೂರಿನ ಆ ಬೀದಿಗಳ ಪದ್ಧತಿಯೇ ಬೇರೆ. ಅಲ್ಲಿ ಉತ್ತರ ಎಂಬುದು ಬಂದವರಿಗೆ ಕೊಡುವ ನೀರಿದ್ದ ಹಾಗೆ, ಕೊಡದೆ ಕಳಿಸುವುದು ಮನೆತನಕ್ಕೆ ಕುಂದು. ಅದು ತಿಳಿಯಲು ನನಗೆ ಕೆಲವು ತಿಂಗಳು ಬೇಕಾಯಿತು.

ಕನಕಮ್ಮನವರ ಮೆಟ್ಟಿಲಿಗೆ ಇಡೀ ಬೀದಿ ಬರುತ್ತಿತ್ತು. ಹಲ್ಲುನೋವಿಗೆ ಯಾವ ಡಾಕ್ಟರು, ಮಗುವಿಗೆ ಯಾವ ಶಾಲೆ, ಬೋರ್‌ವೆಲ್ ಯಾವ ಮೂಲೆಯಲ್ಲಿ ಕೊರೆಸಬೇಕು, ಎಲ್ಲಕ್ಕೂ ಅವರಲ್ಲಿ ಉತ್ತರವಿತ್ತು. ಅರ್ಧಕ್ಕರ್ಧ ತಪ್ಪಿರುತ್ತಿತ್ತು ಎಂಬುದು ನನ್ನ ಅಂದಾಜು. ಆದರೆ ತಪ್ಪಿದ್ದನ್ನು ಯಾರೂ ನೆನಪಿಟ್ಟುಕೊಳ್ಳುತ್ತಿರಲಿಲ್ಲ. ಬೋರ್‌ವೆಲ್‌ನಲ್ಲಿ ನೀರು ಬರದಿದ್ದರೆ ಅದು ನೀರಿನ ತಪ್ಪಾಗುತ್ತಿತ್ತು. ಗಂಡು ಹೆಣ್ಣು ಕೂಡಿಸುವ ವಿಷಯದಲ್ಲಿ ಮಾತ್ರ ಅವರು ನಿಜಕ್ಕೂ ಎಡವಿದವರಲ್ಲ. ಎರಡೂ ಕಡೆಯವರನ್ನು ಎದುರಿಗೆ ಕೂರಿಸಿ, ‘ಕಣ್ಮುಚ್ಕೊಂಡು ಒಪ್ಕೊಳ್ಳಿ, ಜವಾಬ್ದಾರಿ ನಂದು’ ಎನ್ನುತ್ತಿದ್ದರು. ಅಷ್ಟಕ್ಕೆ ತಾಂಬೂಲ ಬದಲಾಗುತ್ತಿತ್ತು. ಆ ವರ್ಷ ಅವರು ತಮ್ಮ ಮನೆಯ ಹುಡುಗಿಗೇ ಗಂಡು ನೋಡುತ್ತಿದ್ದರು. ಸುಮತಿ ಅವರ ತೀರಿಕೊಂಡ ತಮ್ಮನ ಮಗಳು, ಇವರೇ ಸಾಕಿದವಳು. ಇಂದಿರಾನಗರದ ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಬೆಳಿಗ್ಗೆ ಹೊರಡುವಾಗ ಮೆಟ್ಟಿಲ ಮೇಲಿನ ಅತ್ತೆಯನ್ನು ದಾಟಿಕೊಂಡು ಹೋಗಬೇಕಿತ್ತು, ಅದಕ್ಕೆ ಮುನ್ನ ಅತ್ತೆಯ ಎರಡು ಸಲಹೆ ಕೇಳಬೇಕಿತ್ತು.

ನನಗೆ ಕೆಲಸ ಸಿಕ್ಕಿತು. ಕಂಪನಿಯನ್ನು ನಡೆಸುತ್ತಿದ್ದವರು ದಾವಣಗೆರೆಯ ಗಿರೀಶ್ ಸರ್, ಬೈಯುವಾಗಲೂ ಕ್ಷಮೆ ಕೇಳುತ್ತಿರುವಂತೆ ಮಾತಾಡುವವರು. ಪ್ರೋಗ್ರಾಂ ಬರೆಯುತ್ತಿದ್ದವನು ಶಿವಾಜಿನಗರದ ಇಮ್ತಿಯಾಜ್, ಮಹಡಿಯಿಂದ ಕೈ ಬೀಸಿದವನೂ ಅವನೇ. ನಾನು ಪ್ರಶ್ನೆ ಬರೆಯುವವಳು. ಒಂದು ಪ್ರಶ್ನೆ, ನಾಲ್ಕು ಉತ್ತರ. ಸರಿಯುತ್ತರ ಹುಡುಕುವುದು ಏನೂ ಕಷ್ಟವಲ್ಲ, ಪುಸ್ತಕಗಳಿವೆ. ಜನ ನಂಬುವಂಥ ಮೂರು ಸುಳ್ಳು ಹೊಂದಿಸುವಾಗ ಜೀವ ಹೋಗುತ್ತಿತ್ತು.

ಟೀವಿಯ ಕಾರ್ಯಕ್ರಮವನ್ನು ಆಟ ಮಾಡುವುದೆಂದರೆ ಪ್ರಶ್ನೆಗಳನ್ನು ತಂದು ಯಂತ್ರಕ್ಕೆ ಸುರಿಯುವುದು ಎಂದು ನಾನು ತಿಳಿದಿದ್ದೆ. ಹಾಗಲ್ಲವೆಂದು ಮೊದಲ ವಾರವೇ ಗೊತ್ತಾಯಿತು. ಜನ ಆ ಕಾರ್ಯಕ್ರಮ ನೋಡುತ್ತಿದ್ದದ್ದು ಪ್ರಶ್ನೆಗಾಗಿ ಅಲ್ಲ. ಅದರಲ್ಲಿ ‘ನೆಂಟರಿಗೊಂದು ಫೋನ್’ ಎಂಬುದೊಂದಿತ್ತು. ಉತ್ತರ ತೋಚದೆ ಬೆವರುತ್ತಿರುವವರು ತಮ್ಮ ನೆಂಟರೊಬ್ಬರಿಗೆ ಫೋನ್ ಮಾಡಿ ಕೇಳಬಹುದು. ಎಲ್ಲಿಯೋ ಕೂತ ಮಾವನೋ ಚಿಕ್ಕಪ್ಪನೋ ಮೊದಲು ಯೋಗಕ್ಷೇಮ ವಿಚಾರಿಸಿ, ಆಮೇಲೆ ಘಂಟಾಘೋಷವಾಗಿ ತಪ್ಪು ಉತ್ತರ ಹೇಳಿ ಫೋನಿಡುತ್ತಿದ್ದರು. ನಾಡಿನ ಜನ ಅದಕ್ಕಾಗಿ ಕಾದು ಕೂರುತ್ತಿದ್ದರು. ಆಟದಲ್ಲಿ ಏನಿಲ್ಲದಿದ್ದರೂ ನೆಂಟರು ಇರಲೇಬೇಕು ಎಂದು ಚಾನೆಲ್‌ನವರು ಹೇಳಿದ್ದರು. ಮಳೆಗಾಲದ ಹೊತ್ತಿಗೆ ಕಾರ್ಯಕ್ರಮದ ಹೊಸ ಸರಣಿ ಶುರುವಾಗುವಾಗ ಆಟವೂ ಸಿದ್ಧವಿರಬೇಕು ಎಂದೂ ಹೇಳಿದ್ದರು.

ನಮ್ಮ ಯೋಜನೆಯಲ್ಲಿ ಒಬ್ಬ ಮಾವ, ಒಬ್ಬ ಅಜ್ಜ, ಒಬ್ಬ ಕಾಲೇಜು ಓದುವ ಅಣ್ಣ, ಎಲ್ಲ ಇದ್ದರು. ಬೇಗ ಬೇಗ ಇವರ ದನಿಗಳನ್ನು ಮೈಕಿನಲ್ಲಿ ಹಿಡಿಯಬೇಕಿತ್ತು. ನಮ್ಮದು ಶೀಟಿನ ಮಾಡು, ಒಂದು ಹನಿ ಬಿದ್ದರೂ ತಮಟೆ ಬಾರಿಸಿದಂತೆ ಸದ್ದು, ಮಳೆ ಹಿಡಿದರೆ ಕೆಲಸ ನಿಂತಿತು ಎಂದೇ ಲೆಕ್ಕ. ಇಮ್ತಿಯಾಜ್ ತನ್ನ ಚಾಚಾನ ಅಂಗಡಿಯಿಂದ ಹತ್ತಿ ಹಾಸಿಗೆಗಳನ್ನು ಆಟೋದಲ್ಲಿ ಹೇರಿಕೊಂಡು ಬಂದು, ಬೀದಿಯ ಸದ್ದು ಬಾರದಿರಲೆಂದು ಕೋಣೆಯ ಗೋಡೆಗೆಲ್ಲ ನೇತುಹಾಕಿದ. ಫ್ಯಾನಿನ ಸದ್ದು ಮೈಕಿಗೆ ಬೀಳುತ್ತದೆಂದು ಫ್ಯಾನ್ ನಿಲ್ಲಿಸಿದೆವು. ಏಪ್ರಿಲ್ ತಿಂಗಳು, ತಲೆಯ ಮೇಲೆ ಕಾದ ಶೀಟು, ಸುತ್ತ ಹತ್ತಿ. ಇಡ್ಲಿ ಹೇಗೆ ಬೇಯುತ್ತದೆಂದು ನನಗೆ ಒಳಗಿನಿಂದ ತಿಳಿದದ್ದು ಆಗ.

ಇಷ್ಟೆಲ್ಲ ಮಾಡಿದರೂ ಒಂದು ದನಿ ಮಾತ್ರ ಹಾಸಿಗೆ ದಾಟಿ ಬರುತ್ತಿತ್ತು. ಮೈಕಿನ ಮುಂದೆ ಯಾರೇ ನಿಲ್ಲಲಿ, ಹಿಂದಿನಿಂದ ಕನಕಮ್ಮನವರು ಕೆಳಗೆ ಬೀದಿಯವರಿಗೆ ಸಲಹೆ ಕೊಡುವುದು ಕೇಳಿಸುತ್ತಿತ್ತು. ಅಜ್ಜನ ದನಿಯಲ್ಲಿ ‘ಉತ್ತರ ಬಿ ಇರಬಹುದು’ ಎಂದು ಹಿಡಿದರೆ, ಅದರ ಹಿಂದೆಯೇ ‘ಆ ಡಾಕ್ಟ್ರು ಹತ್ರ ಹೋಗ್ಬೇಡ, ಕೈ ಸರಿ ಇಲ್ಲ’ ಎಂದು ಬರುತ್ತಿತ್ತು. ಮೂರನೆಯ ಸಲವೂ ಅಜ್ಜನ ದನಿ ಹೀಗೆ ಕೆಟ್ಟ ದಿನ ಗಿರೀಶ್ ಸರ್ ತಲೆಯ ಮೇಲೆ ಕೈಹೊತ್ತು ಕೂತರು. ಆಮೇಲೆ ಹೇಳಿದರು, ‘ಆ ದನಿ ತಡೆಯೋಕೆ ಆಗಲ್ಲ. ಅದನ್ನೇ ಹಾಕಿಬಿಡೋಣ.’

ಕನಕಮ್ಮನವರು ರೇಷ್ಮೆ ಸೀರೆ ಉಟ್ಟು, ತಲೆಗೆ ಕನಕಾಂಬರ ಮುಡಿದು ಮೇಲೆ ಬಂದರು. ‘ಅಮ್ಮಾ, ದನಿ ಮಾತ್ರ ಬೇಕು, ಮುಖ ಕಾಣಲ್ಲ’ ಎಂದ ಇಮ್ತಿಯಾಜ್. ‘ಸೀರೆ ಉಟ್ರೆ ದನಿ ಬೇರೆ ಬರುತ್ತೆ ಕಣೋ’ ಎಂದರು. ನಿಜಕ್ಕೂ ಬೇರೆಯೇ ಬಂತು. ನಾವು ಬರೆದುಕೊಟ್ಟಿದ್ದು ‘ಹಲೋ, ಹೇಳಿ’ ಎಂದಷ್ಟೆ. ಅವರು ‘ಹಲೋ, ಯಾರು? ಊಟ ಆಯ್ತಾ? ಮನೇಲೆಲ್ಲ ಹೇಗಿದಾರೆ?’ ಎಂದರು. ಅಷ್ಟಕ್ಕೆ ಫೋನಿನ ಅರ್ಧ ಸಮಯ ಮುಗಿಯುತ್ತಿತ್ತು. ‘ಇರಲಿ ಬಿಡಿ, ನೆಂಟರು ಮಾಡೋದೇ ಅದು’ ಎಂದರು ಗಿರೀಶ್ ಸರ್. ಆಮೇಲೆ ಎ, ಬಿ, ಸಿ, ಡಿ ನಾಲ್ಕನ್ನೂ ಬೇರೆಬೇರೆಯಾಗಿ ಹೇಳಿಸಿದೆವು. ಕೊನೆಗೆ ನಾವು ಕೇಳದೆಯೇ ಒಂದು ಮಾತು ಸೇರಿಸಿದರು. ‘ಕಣ್ಮುಚ್ಕೊಂಡು ಹಾಕಿ, ಜವಾಬ್ದಾರಿ ನಂದು.’ ಇಮ್ತಿಯಾಜ್ ಕುರ್ಚಿಯಿಂದ ಎದ್ದು ಕುಣಿದ. ಆ ಮಾತಿನ ಮುಂದೆ ನಮ್ಮ ಮಾವ, ಅಜ್ಜ, ಅಣ್ಣ ಯಾರೂ ಬೇಡವಾದರು. ಆಟದಲ್ಲಿ ಒಬ್ಬರೇ ನೆಂಟರು ಎಂದು ತೀರ್ಮಾನವಾಯಿತು.

ಆ ತುಣುಕುಗಳನ್ನು ಇಮ್ತಿಯಾಜ್ ಜೋಡಿಸಿದ. ಸುಲಭದ ಪ್ರಶ್ನೆಗೆ ನೆಂಟರು ಯಾವಾಗಲೂ ಸರಿ ಹೇಳುತ್ತಾರೆ, ಪ್ರಶ್ನೆ ಕಷ್ಟವಾಗುತ್ತ ಹೋದಂತೆ ತಪ್ಪು ಹೇಳುವುದು ಹೆಚ್ಚುತ್ತದೆ, ಕೊನೆಯ ಪ್ರಶ್ನೆಯ ಹೊತ್ತಿಗೆ ನಾಣ್ಯ ಚಿಮ್ಮಿ ಚಿತ್ತೋ ಪಟ್ಟೋ ಎಂಬಂತೆ. ಟೀವಿಯಲ್ಲಿ ಆಗುತ್ತಿದ್ದದ್ದೂ ಹಾಗೆಯೇ. ಇದನ್ನು ಕನಕಮ್ಮನವರಿಗೆ ಹೇಳಬೇಕು ಎಂದು ನಮಗ್ಯಾರಿಗೂ ಹೊಳೆಯಲಿಲ್ಲ. ಅವರು ಕೇಳಲೂ ಇಲ್ಲ. ತಮ್ಮ ದನಿ ತಪ್ಪು ಹೇಳಬಹುದು ಎಂಬ ಅನುಮಾನ ಅವರಿಗೆ ಎಲ್ಲಿಂದ ಬರಬೇಕು?

ಆಟ ಅರ್ಧ ಬೆಂದಾಗ, ಪರೀಕ್ಷೆಗೆಂದು ಕೆಲವು ಟ್ಯಾಬ್ಲೆಟ್‌ಗಳಲ್ಲಿ ಹಾಕಿ ಬೀದಿಯವರಿಗೆ ಕೊಟ್ಟೆವು. ಕನಕಮ್ಮನವರು ತಮ್ಮದೊಂದನ್ನು ಎತ್ತಿಕೊಂಡು ಸೀದಾ ಕಗ್ಗದಾಸಪುರಕ್ಕೆ ಹೋದರು. ಅಲ್ಲಿ ಗೋವಿಂದರಾಜು ಎಂಬವರಿದ್ದರು, ಕಾರ್ಖಾನೆಯಿಂದ ನಿವೃತ್ತರಾದವರು. ಅವರ ಮಗ ಕಾರ್ತಿಕ್‌ನನ್ನೇ ಕನಕಮ್ಮನವರು ಸುಮತಿಗೆಂದು ನೋಡಿದ್ದು. ಮಾತುಕತೆ ಮುಗಿದು ತಾಂಬೂಲವೊಂದೇ ಬಾಕಿ. ಗೋವಿಂದರಾಜುಗೆ ಆ ಕ್ವಿಜ್ ಎಂದರೆ ಪ್ರಾಣ, ಅದು ಬರುವ ಹೊತ್ತಿಗೆ ಅವರ ಮನೆಯಲ್ಲಿ ಕುಕ್ಕರ್ ಕೂಡ ಕೂಗುವಂತಿರಲಿಲ್ಲ. ಬೀಗರಾಗುವವರ ಕೈಗೆ ತಮ್ಮ ದನಿಯಿರುವ ಆಟವನ್ನು ಕೊಟ್ಟರೆ ಸಂಬಂಧಕ್ಕೆ ಇನ್ನಷ್ಟು ಶೋಭೆ ಎಂದು ಇವರು ಲೆಕ್ಕ ಹಾಕಿದ್ದರು.

ಎರಡು ದಿನ ಕಳೆದ ಮೇಲೆ ಬೆಳಿಗ್ಗೆ ಮೆಟ್ಟಿಲು ಅದುರುವ ಸದ್ದಾಯಿತು. ಕನಕಮ್ಮನವರು ಬಂದು ಟ್ಯಾಬ್ಲೆಟ್ಟನ್ನು ಮೇಜಿನ ಮೇಲಿಟ್ಟರು. ಹಿಂದೆ ಕೆಲಸಕ್ಕೆ ಹೊರಟ ಸುಮತಿ ನಿಂತಿದ್ದಳು.

‘ಇಂಗು ಎಲ್ಲಿಂದ ಬರುತ್ತೆ?’ ಎಂದು ಕೇಳಿದರು.

ನಾವು ಮುಖ ಮುಖ ನೋಡಿಕೊಂಡೆವು. ‘ಗಿಡದ ಬೇರಿನ ಹಾಲಿನಿಂದ ಅಮ್ಮಾ’ ಎಂದೆ. ಆ ಪ್ರಶ್ನೆ ನನ್ನದೇ.

‘ಅದು ನಂಗೆ ಗೊತ್ತಿಲ್ವಾ?’

‘ಗೊತ್ತು.’

‘ಮತ್ತೆ ಇದರಲ್ಲಿ ನಾನು ಮೀನಿನ ಮೂಳೆಯಿಂದ ಅಂತ ಯಾಕಂದೆ?’

ನಡೆದದ್ದನ್ನು ಸುಮತಿ ಹೇಳಿದಳು. ಗೋವಿಂದರಾಜು ಮನೆಯವರನ್ನೆಲ್ಲ ಹಾಲ್‌ನಲ್ಲಿ ಕೂರಿಸಿಕೊಂಡು ಆಡಿದ್ದಾರೆ. ಕೊನೆಯ ಪ್ರಶ್ನೆಯವರೆಗೂ ಬಂದಿದ್ದಾರೆ. ಇಂಗಿನ ಪ್ರಶ್ನೆ ಬಂದಾಗ ಅವರ ಹೆಂಡತಿ ಬೇರು ಎಂದಿದ್ದಾರೆ. ‘ಇರು, ಅಡುಗೆ ವಿಷಯ, ಕನಕಮ್ಮನವರನ್ನೇ ಕೇಳಿಬಿಡೋಣ’ ಎಂದು ಗೋವಿಂದರಾಜು ನೆಂಟರಿಗೆ ಫೋನ್ ಒತ್ತಿದ್ದಾರೆ. ಟ್ಯಾಬ್ಲೆಟ್ಟಿನ ಕನಕಮ್ಮ ಊಟ ವಿಚಾರಿಸಿ, ‘ಸಿ’ ಎಂದಿದ್ದಾರೆ. ಸಿ ಎಂದರೆ ಮೀನಿನ ಮೂಳೆ. ಕಣ್ಮುಚ್ಕೊಂಡು ಹಾಕಿ, ಜವಾಬ್ದಾರಿ ನಂದು ಎಂದೂ ಹೇಳಿದ್ದಾರೆ. ಗೋವಿಂದರಾಜು ಕಣ್ಣು ಮುಚ್ಚಿಕೊಂಡು ಹಾಕಿದರು, ಸೋತರು. ಅಷ್ಟಕ್ಕೇ ಮುಗಿಯಲಿಲ್ಲ. ಶುದ್ಧ ಸಸ್ಯಾಹಾರದ ಮನೆ. ಸೋತಿದ್ದು ಕಣ್ಣಿಗೆ ಕಂಡರೂ, ಕನಕಮ್ಮನವರಂಥವರು ಸುಮ್ಮನೆ ಹೇಳಲಿಕ್ಕಿಲ್ಲ ಎಂದು ಅವರ ಹೆಂಡತಿ ಇಂಗಿನ ಡಬ್ಬಿಯನ್ನು ಹಿತ್ತಲ ಕಟ್ಟೆಯ ಮೇಲೆ ಇಟ್ಟುಬಿಟ್ಟಿದ್ದರು.

ಮಾರನೆಯ ದಿನ ಗೋವಿಂದರಾಜು ಫೋನ್ ಮಾಡಿದ್ದರು. ‘ಅಮ್ಮಾ, ಇಂಗಿಗೂ ಜವಾಬ್ದಾರಿ ನಂದು ಅಂದ್ರಿ, ಹುಡುಗಿಗೂ ಜವಾಬ್ದಾರಿ ನಂದು ಅಂದ್ರಿ. ಸ್ವಲ್ಪ ಯೋಚನೆ ಮಾಡೋಣ, ಅವಸರ ಬೇಡ.’

ಇಮ್ತಿಯಾಜ್ ನಗು ತಡೆಯಲು ಮೇಜಿನ ಕೆಳಗೆ ಏನೋ ಹುಡುಕುವವನಂತೆ ಬಗ್ಗಿದ. ನನಗೂ ನಗು ಬಂದಿತ್ತು. ಆದರೆ ಕನಕಮ್ಮನವರ ಮುಖ ನೋಡಿ ಅದು ಇಂಗಿಹೋಯಿತು. ಆ ಬೀದಿಯಲ್ಲಿ ಅವರಿಗಿದ್ದದ್ದು ಒಂದು ಮಾತು. ಆ ಮಾತನ್ನು ನಾವು ತುಣುಕು ಮಾಡಿ, ಯಂತ್ರಕ್ಕೆ ಹಾಕಿ, ಚಿತ್ತೋ ಪಟ್ಟೋ ಆಡಿಸಿದ್ದೆವು. ಅದೂ ಸುಮತಿಯ ಮದುವೆಯ ಹೊತ್ತಿನಲ್ಲಿ.

‘ನನ್ನ ದನಿ ಇದ್ದಲ್ಲಿ ತಪ್ಪು ಇರಬಾರದು. ಅಷ್ಟೇ’ ಎಂದರು ಕನಕಮ್ಮನವರು.

‘ಎಲ್ಲಾ ಸರಿ ಹೇಳಿಬಿಟ್ರೆ ಎಲ್ಲರೂ ಗೆಲ್ತಾರಮ್ಮಾ. ಆಮೇಲೆ ಆಟ ಯಾರು ಆಡ್ತಾರೆ?’ ಗಿರೀಶ್ ಸರ್ ನೆಲ ನೋಡುತ್ತ ಹೇಳಿದರು. ಬೇರೆ ನೆಂಟರನ್ನು ಹುಡುಕಲು ಸಮಯ ಉಳಿದಿರಲಿಲ್ಲ. ಮೋಡ ಆಗಲೇ ಸಂಜೆ ಸಂಜೆ ಬಂದು ನೋಡಿಕೊಂಡು ಹೋಗುತ್ತಿತ್ತು.

ದಾರಿ ಹುಡುಕಿದವನು ಇಮ್ತಿಯಾಜ್. ‘ಅಮ್ಮಾ, ಒಂದು ಕೆಲಸ ಮಾಡೋಣ. ಎಲ್ಲೆಲ್ಲಿ ತಪ್ಪು ಬರಬೇಕೋ ಅಲ್ಲಿ ನೀವು ಗೊತ್ತಿಲ್ಲ ಅಂದ್ಬಿಡಿ. ತಪ್ಪು ಹೇಳಿದಂಗೂ ಆಗಲ್ಲ, ಆಟಾನೂ ಉಳಿಯುತ್ತೆ.’

‘ಗೊತ್ತಿಲ್ಲ ಅನ್ನಬೇಕಾ?’ ಎಂದರು ಕನಕಮ್ಮನವರು, ಯಾರೋ ಅವರನ್ನು ಬೀದಿಯಲ್ಲಿ ಕುಣಿಯಲು ಕರೆದಂತೆ. ‘ಅದಕ್ಕಿಂತ ಮೀನಿನ ಮೂಳೇನೇ ವಾಸಿ.’

ಸುಮತಿ ಟ್ಯಾಬ್ಲೆಟ್ಟನ್ನು ಎತ್ತಿಕೊಂಡು ದುಪಟ್ಟಾದ ತುದಿಯಲ್ಲಿ ಅದರ ಗಾಜು ಒರೆಸುತ್ತ ನಿಂತಳು. ಕನಕಮ್ಮನವರು ಅವಳನ್ನು ನೋಡಿದರು. ಆಮೇಲೆ ಹಾಸಿಗೆ ಕೋಣೆಗೆ ನಡೆದರು.

ಆ ಒಂದು ಮಾತನ್ನು ಹಿಡಿಯಲು ನಾವು ಪಟ್ಟ ಪಾಡು ಯಾವ ಶತ್ರುವಿಗೂ ಬೇಡ. ಮೊದಲ ಸಲ ಅವರು ‘ಗೊತ್ತಿಲ್ಲ’ ಎಂದದ್ದು ಪೊಲೀಸರಿಗೆ ಹೇಳುವ ಹಾಗಿತ್ತು. ‘ಅಮ್ಮಾ, ಇದು ಗೊತ್ತಿದ್ದೂ ಬಾಯಿ ಬಿಡಲ್ಲ ಅನ್ನೋ ಥರ ಇದೆ’ ಎಂದ ಇಮ್ತಿಯಾಜ್. ಎರಡನೆಯ ಸಲ ‘ಗೊತ್ತಿಲ್ಲ, ಆದ್ರೆ ಬಿ ಇರಬಹುದು’ ಎಂದರು. ಬಿ ಬೇಡ ಎಂದೆವು. ‘ಗೊತ್ತಿಲ್ಲ, ಹೋಗಲಿ ಡಿ ಹಾಕಿ’ ಎಂದರು. ಆಮೇಲೆ ‘ನಂಗೆ ಗೊತ್ತಿಲ್ಲ ಅಂತಲ್ಲ’ ಎಂದು ಶುರುವಾಯಿತು. ನಾಲಿಗೆ ಹೇಳಿದರೂ ಅವರ ದನಿ ಒಪ್ಪುತ್ತಿರಲಿಲ್ಲ. ಮಧ್ಯಾಹ್ನ ಊಟಕ್ಕೆ ಎದ್ದು ಹೋಗಿ ಮತ್ತೆ ಬಂದರು. ಹಾಸಿಗೆಗಳು ಬೆವರು ಕುಡಿದು ಭಾರವಾಗಿದ್ದವು. ನಾನು ಸೀನಿದಾಗಲೆಲ್ಲ ಮೊದಲಿನಿಂದ ಶುರು.

ನಿಜವಾಗಿಯೂ ಗೊತ್ತಿಲ್ಲದ್ದನ್ನೇ ಕೇಳಿಬಿಡೋಣ, ಆಗ ತಾನಾಗಿ ಬರುತ್ತದೆ ಎಂದು ಇಮ್ತಿಯಾಜ್‌ಗೆ ಹೊಳೆಯಿತು. ಮೈಕ್ ತೆರೆದಿಟ್ಟು ಕೇಳಿದ, ‘ಅಮ್ಮಾ, ಚಂದ್ರ ಭೂಮಿಯಿಂದ ಎಷ್ಟು ದೂರ?’

‘ಹುಣ್ಣಿಮೆ ದಿನ ಹತ್ರ, ಅಮಾವಾಸ್ಯೆ ದಿನ ದೂರ’ ಎಂದರು.

‘ಚಿಟ್ಟೆ ಯಾವುದರಿಂದ ರುಚಿ ನೋಡುತ್ತೆ?’

‘ಮೂಗಿಂದ. ಇನ್ನೇನಿದೆ ಪಾಪ ಅದಕ್ಕೆ?’

‘ಸಮುದ್ರದ ನೀರು ಯಾಕೆ ಉಪ್ಪು?’

‘ಮೀನಿಗೆ ಕೆಡಬಾರದು ಅಂತ.’

ಇಮ್ತಿಯಾಜ್ ಹೆಡ್‌ಫೋನ್ ತೆಗೆದು ಹಣೆಯನ್ನು ಮೇಜಿಗೆ ಒತ್ತಿಕೊಂಡ. ಜಗತ್ತಿನಲ್ಲಿ ಕನಕಮ್ಮನವರಿಗೆ ಉತ್ತರ ಇಲ್ಲದ ಪ್ರಶ್ನೆಯೇ ಇರಲಿಲ್ಲ. ನನ್ನ ಹತ್ತಿರ ನೂರಾರು ಪ್ರಶ್ನೆಗಳಿದ್ದವು, ಒಂದೂ ಕೆಲಸಕ್ಕೆ ಬರಲಿಲ್ಲ. ಹೊರಗೆ ಗಾಳಿ ಎದ್ದಿತ್ತು. ಮೋಡ ಕವಿದು ಕೋಣೆ ಮಬ್ಬಾಯಿತು. ಸುಮತಿ ಕೆಲಸದಿಂದ ಬಂದು ಕೆಳಗೆ ಗೇಟು ತೆಗೆದ ಸದ್ದು ಕೇಳಿಸಿತು. ನನಗೆ ದಣಿವಾಗಿತ್ತು, ಇವತ್ತಿಗೆ ಮುಗಿಸೋಣ ಎಂದುಕೊಂಡು ಸುಮ್ಮನೆ ಮಾತಿಗೆ ಕೇಳಿದೆ. ದಣಿದಾಗಲೂ ನನಗೆ ಗದಗೇ ಬರುತ್ತದೆ.

‘ಅಮ್ಮಾ, ಸುಮತಿಗೆ ಆ ಹುಡುಗ ಮನಸಿಗೆ ಬಂದಾನೇನ್ರೀ?’

ಕನಕಮ್ಮನವರು ಉತ್ತರ ಕೊಡಲು ಬಾಯಿ ತೆರೆದರು. ಬಾಯಿ ತೆರೆದೇ ಇತ್ತು. ಅಷ್ಟರಲ್ಲಿ ಶೀಟಿನ ಮೇಲೆ ಮೊದಲ ಹನಿಗಳು ಬಿದ್ದವು. ಒಂದು, ಆಮೇಲೆ ಅಲ್ಲೊಂದು ಇಲ್ಲೊಂದು.

‘ನಂಗೊತ್ತಿಲ್ಲಮ್ಮಾ’ ಎಂದರು.

ಆ ದನಿಯನ್ನು ನಾನು ಅವರಿಂದ ಅದಕ್ಕೆ ಮೊದಲು ಕೇಳಿರಲಿಲ್ಲ. ತುಂಬ ಮೆಲ್ಲಗಿತ್ತು, ತಮಗೇ ಆಶ್ಚರ್ಯವಾದಂತಿತ್ತು. ಗಂಡಿನ ಕೆಲಸ, ಮನೆತನ, ಜಾತಕ, ಅವರ ಮನೆಯ ನೀರಿನ ತೊಟ್ಟಿ ಎಷ್ಟು ದೊಡ್ಡದು ಎಂಬುದನ್ನೂ ತಿಳಿದುಕೊಂಡಿದ್ದರು. ಹುಡುಗಿಯನ್ನು ಕೇಳಿರಲಿಲ್ಲ. ಬೀದಿಯವರೆಲ್ಲ ಬಂದು ಇವರನ್ನು ಕೇಳುತ್ತಿದ್ದರೇ ಹೊರತು, ಇವರು ಯಾರನ್ನೂ ಕೇಳಿ ಅಭ್ಯಾಸವಿರಲಿಲ್ಲ. ಇಮ್ತಿಯಾಜ್ ಮೈಕ್ ಆರಿಸುವುದನ್ನು ಮರೆತು ಕೂತಿದ್ದ. ಕನಕಮ್ಮನವರು ಎದ್ದು, ನಮಗೆ ಹೇಳದೆಯೇ ಕೆಳಗಿಳಿದು ಹೋದರು. ಆ ಹೊತ್ತಿಗೆ ಮಳೆ ಜೋರಾಗಿ, ನಮ್ಮ ದನಿ ಹಿಡಿಯುವ ಕೆಲಸ ಆ ವರ್ಷಕ್ಕೆ ಮುಗಿಯಿತು. ಹಿಂದೆ ಹನಿಗಳ ಸದ್ದಿದ್ದರೂ ಆ ‘ನಂಗೊತ್ತಿಲ್ಲಮ್ಮಾ’ವನ್ನೇ ಆಟಕ್ಕೆ ಹಾಕಿದೆವು.

ಮಾರನೆಯ ದಿನ ಕನಕಮ್ಮನವರು ಹೊಸ ಆಟ ಹಾಕಿದ ಟ್ಯಾಬ್ಲೆಟ್ಟನ್ನೂ ಕೊಡೆಯನ್ನೂ ಹಿಡಿದುಕೊಂಡು, ‘ಬಾ, ಆ ಮಿಷಿನ್ನು ತೋರಿಸೋಕೆ ನೀನು ಬೇಕು’ ಎಂದು ನನ್ನನ್ನು ಕಗ್ಗದಾಸಪುರಕ್ಕೆ ಎಳೆದುಕೊಂಡು ಹೋದರು. ರೈಲ್ವೆ ಗೇಟಿನಲ್ಲಿ ಆಟೋ ನಿಂತಾಗ, ನೀರು ತುಂಬಿದ ರಸ್ತೆ ನೋಡುತ್ತ, ‘ಕೇಳ್ದೆ ಅವಳನ್ನ’ ಎಂದರಷ್ಟೆ. ಏನೆಂದಳು ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಗೋವಿಂದರಾಜು ಎತ್ತರದ ಮನುಷ್ಯ, ಕನ್ನಡಕದ ಮೇಲಿಂದ ನೋಡುವವರು. ‘ಹೇಳಿ ಅಮ್ಮಾ’ ಎಂದರು, ಕೂರಿ ಎನ್ನುವ ಮೊದಲೇ. ಹಿತ್ತಲ ಬಾಗಿಲಿನಾಚೆ ಕಟ್ಟೆಯ ಮೇಲೆ ಇಂಗಿನ ಡಬ್ಬಿ ಮಳೆಯಲ್ಲಿ ನೆನೆಯುತ್ತಿರುವುದು ನನಗೆ ಕಾಣುತ್ತಿತ್ತು.

‘ಇಂಗಿನ ವಿಷಯ ಈ ಹುಡುಗಿ ಹೇಳ್ತಾಳೆ, ಅದು ಮಿಷಿನ್ ತಪ್ಪು’ ಎಂದರು ಕನಕಮ್ಮನವರು. ‘ನಾನು ಬಂದಿದ್ದು ಬೇರೆ ಮಾತಿಗೆ. ಜವಾಬ್ದಾರಿ ನಂದು ಅಂತ ಹೇಳಿದ್ನಲ್ಲ, ಅದನ್ನ ವಾಪಸ್ ತಗೊಳ್ತೀನಿ. ಸುಮತಿಗೆ ನಿಮ್ಮ ಹುಡುಗ ಇಷ್ಟ ಇದಾನೋ ಇಲ್ವೋ ನಂಗೆ ಗೊತ್ತಿಲ್ಲ. ನಿನ್ನೆ ಅವಳನ್ನ ಕೇಳ್ದೆ. ಅವಳಿಗೂ ಗೊತ್ತಿಲ್ವಂತೆ. ಒಂದ್ಸಲಾನೂ ಮಾತಾಡಿಲ್ಲ, ಹೇಗ್ ಹೇಳ್ಲಿ ಅತ್ತೆ ಅಂದ್ಲು. ಅವರಿಬ್ರೂ ಮಾತಾಡ್ಕೊಳ್ಳಲಿ. ಆಮೇಲೆ ನೋಡೋಣ.’

ಗೋವಿಂದರಾಜು ಕನ್ನಡಕ ತೆಗೆದು ಮಡಚಿದರು. ಕೆಟ್ಟಿತು ಎಂದು ನಾನು ಕೊಡೆ ಎತ್ತಿಕೊಂಡೆ.

‘ಅಮ್ಮಾ, ಇವನಿಗೆ ಎಷ್ಟೋ ಕಡೆ ಹೆಣ್ಣು ನೋಡಿದೀವಿ’ ಎಂದರು ಅವರು. ‘ಎಲ್ರಿಗೂ ಎಲ್ಲಾ ಗೊತ್ತಿತ್ತು. ಗೊತ್ತಿಲ್ಲ ಅಂದವರು ನೀವೊಬ್ರೇ. ಕೂತ್ಕೊಳ್ಳಿ, ಕಾಫಿ ಕುಡೀರಿ.’ ಅವರ ಹೆಂಡತಿ ಕಟ್ಟೆಯ ಮೇಲಿನ ಇಂಗಿನ ಡಬ್ಬಿಯನ್ನು ಒಳಗೆ ಎತ್ತಿಕೊಂಡು ಹೋಗುವುದು ಕಂಡಿತು.

ಆ ಮಳೆಗಾಲವೆಲ್ಲ ಸುಮತಿ ಮತ್ತು ಕಾರ್ತಿಕ್ ಹಲಸೂರು ಕೆರೆಯ ಸುತ್ತ ನಡೆದರು. ಕನಕಮ್ಮನವರು ಮೆಟ್ಟಿಲ ಮೇಲೆ ಕೂತು, ಏನಾಯಿತು ಎಂದು ಕೇಳದಿರಲು ಹಲ್ಲು ಕಚ್ಚುತ್ತಿದ್ದರು. ಬೀದಿಯವರು ವಿಚಾರಿಸಿದರೆ ‘ಅವಳನ್ನೇ ಕೇಳಿ’ ಎನ್ನುತ್ತಿದ್ದರು. ದೀಪಾವಳಿ ಹತ್ತಿರ ಬಂದಾಗ ಸುಮತಿ ಒಂದು ಸಂಜೆ ಅತ್ತೆಯ ಪಕ್ಕ ಮೆಟ್ಟಿಲ ಮೇಲೆ ಕೂತು, ‘ಈಗ ಗೊತ್ತಾಯ್ತು ಅತ್ತೆ’ ಎಂದಳಂತೆ. ನನಗೆ ಅದನ್ನು ಹೇಳುವಾಗ ಕನಕಮ್ಮನವರು ಅತ್ತರು. ನಾನೂ ಅತ್ತೆ, ಕಾರಣ ಹಾಸಿಗೆಯ ಧೂಳು ಎಂದು ಹೇಳಿಕೊಂಡೆ.

ಆಟ ಬಂತು, ಸ್ವಲ್ಪ ಕಾಲ ಓಡಿತು. ಆಮೇಲೆ ಕಾರ್ಯಕ್ರಮ ನಿಂತಿತು, ಆಟವನ್ನೂ ತೆಗೆದುಹಾಕಿದರು. ಗಿರೀಶ್ ಸರ್ ದಾವಣಗೆರೆಗೆ ಹೋದರು. ಇಮ್ತಿಯಾಜ್ ದೊಡ್ಡ ಕಂಪನಿ ಸೇರಿದ. ನಾನು ಕೆ.ಆರ್. ಪುರದ ಕಡೆ ಮನೆ ಮಾಡಿದೆ. ವರ್ಷಗಳಿಂದ ಆ ಬೀದಿಗೆ ಹೋಗಿರಲಿಲ್ಲ. ಹಾಸಿಗೆ ಕೊಂಡ ಮರುವಾರ, ಭಾನುವಾರ ಬೆಳಿಗ್ಗೆ, ಹಲಸೂರಿಗೆ ಹೋದೆ.

ಮೊಣಕಾಲು ನೋವೆಂದು ಕನಕಮ್ಮನವರು ಈಗ ಮೆಟ್ಟಿಲ ಬದಲು ಕುರ್ಚಿಯಲ್ಲಿ ಕೂರುತ್ತಾರೆ. ನಾನು ತಲುಪಿದಾಗ ಒಬ್ಬ ಡೆಲಿವರಿ ಹುಡುಗನನ್ನು ಧೈರ್ಯವಾಗಿ ಕೆರೆಯ ಕಡೆ ಕಳಿಸುತ್ತಿದ್ದರು. ಸುಮತಿ ಬಂದಿದ್ದಳು. ಪಕ್ಕದ ಕುರ್ಚಿಯಲ್ಲಿ ಅವಳ ಮಾವ ಗೋವಿಂದರಾಜು ಅದೇ ಹಳೆಯ ಟ್ಯಾಬ್ಲೆಟ್ಟು ಹಿಡಿದು ಕೂತಿದ್ದರು, ಗಾಜು ಮೂಲೆಯಲ್ಲಿ ಬಿರುಕು ಬಿಟ್ಟಿತ್ತು. ಆಟ ಈಗ ಬೇರೆಲ್ಲೂ ಇಲ್ಲ, ಅದರಲ್ಲಿ ಮಾತ್ರ ಉಳಿದಿದೆ. ಪ್ರತಿ ಭಾನುವಾರ ಇಲ್ಲಿಗೆ ಬಂದು ಆಡುತ್ತಾರಂತೆ.

ಜೇನುಹುಳುವಿಗೆ ಎಷ್ಟು ರೆಕ್ಕೆ ಎಂಬ ಪ್ರಶ್ನೆ ಬಂತು. ಎ ಎರಡು, ಬಿ ನಾಲ್ಕು, ಸಿ ಆರು, ಡಿ ಎಂಟು. ಗೋವಿಂದರಾಜು ನೆಂಟರಿಗೆ ಫೋನ್ ಒತ್ತಿದರು. ಟ್ಯಾಬ್ಲೆಟ್ಟು ಊಟ ವಿಚಾರಿಸಿತು. ಆಮೇಲೆ ಶೀಟಿನ ಮೇಲೆ ಹನಿಗಳು ಬಿದ್ದವು, ಆ ಹನಿಗಳ ನಡುವೆ ‘ನಂಗೊತ್ತಿಲ್ಲಮ್ಮಾ’ ಎಂದಿತು. ಆ ಉತ್ತರ ಯಾವ ಪ್ರಶ್ನೆಯದೆಂದು ಅಲ್ಲಿದ್ದವರಲ್ಲಿ ನನಗೆ ಮತ್ತು ಕನಕಮ್ಮನವರಿಗೆ ಮಾತ್ರ ಗೊತ್ತು. ಅವರಿಗೂ ಮರೆತಿರಬಹುದು.

‘ಏನ್ ಗೊತ್ತಿಲ್ಲ?’ ಕನಕಮ್ಮನವರು ಟ್ಯಾಬ್ಲೆಟ್ಟಿನ ಮೇಲೆ ಹರಿಹಾಯ್ದರು. ‘ಜೇನುಹುಳಕ್ಕೆ ಎರಡೇ ರೆಕ್ಕೆ. ಎ ಹಾಕಿ ನೀವು. ಕಣ್ಮುಚ್ಕೊಂಡು ಹಾಕಿ.’

ಸುಮತಿ ನನ್ನ ಕಿವಿಯ ಬಳಿ ಬಗ್ಗಿದಳು. ‘ಆಡಿ ಆಡಿ ಮಾವಂಗೆ ಎಲ್ಲಾ ಉತ್ತರ ಬಾಯಿಪಾಠ ಆಗ್ಬಿಟ್ಟಿದೆ’ ಎಂದು ಪಿಸುಗುಟ್ಟಿದಳು.

ಗೋವಿಂದರಾಜು ಎ ಒತ್ತಿದರು. ಟ್ಯಾಬ್ಲೆಟ್ಟು ಸೋತ ಸದ್ದು ಮಾಡಿತು.

‘ಆ ಮಿಷಿನ್ ಸರಿ ಇಲ್ಲ’ ಎಂದರು ಕನಕಮ್ಮನವರು. ಆಮೇಲೆ ನನ್ನ ಕಡೆ ತಿರುಗಿದರು. ‘ವೀಣಾ, ಈ ಪ್ರಶ್ನೆ ಬರೆದೋಳು ನೀನೇ ತಾನೇ? ಹೇಳಮ್ಮಾ ಇವರಿಗೆ. ಎರಡೇ ತಾನೇ ರೆಕ್ಕೆ?’

ಗೋವಿಂದರಾಜು ಕನ್ನಡಕದ ಮೇಲಿಂದ ನನ್ನನ್ನೇ ನೋಡುತ್ತಿದ್ದರು. ಆ ಪ್ರಶ್ನೆಯನ್ನು ನಾನು ಪುಸ್ತಕ ತೆಗೆದು, ಚಿತ್ರ ನೋಡಿ, ನಾಲ್ಕು ರೆಕ್ಕೆ ಎಣಿಸಿಯೇ ಬರೆದದ್ದು.

‘ನಂಗೊತ್ತಿಲ್ಲಮ್ಮಾ’ ಎಂದೆ.